ಮಾತ್ರೆಯ ಮುಟ್ಟು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹತ್ತನೇ ತರಗತಿಗೆ ಗ್ರಂಥಿಗಳ ಪಾಠ ಬಂದಾಗ ಬೋರ್ಡಿನ ಮೇಲೆ ಈಸ್ಟ್ರೋಜನ್ ಎಂದು ಬರೆದು, ಅದರ ಕೆಲಸವನ್ನು ಎರಡು ಸಾಲಿನಲ್ಲಿ ಮುಗಿಸಿ, ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆನ್ನುವ ಮೊದಲೇ ಥೈರಾಯ್ಡಿಗೆ ಹಾರಿಬಿಡುತ್ತಿದ್ದೆ. ಆ ಹಾರ್ಮೋನು ಈ ಅವಮಾನವನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು ಎಂದು ಈಗ ಅನ್ನಿಸುತ್ತದೆ. ನನಗೆ ನಲವತ್ತು ತುಂಬುವ ಮೊದಲೇ, ಹೇಳದೆ ಕೇಳದೆ, ಬಾಡಿಗೆ ಮನೆ ಖಾಲಿ ಮಾಡುವವರ ಹಾಗೆ ಗಂಟುಮೂಟೆ ಕಟ್ಟಿಕೊಂಡು ನನ್ನ ಮೈಯಿಂದ ಹೊರಟುಹೋಯಿತು.

ಅದರ ಹಿಂದೆಯೇ ನನ್ನ ಸಹನೆಯೂ ಹೋಯಿತು. ಮನೆ ಇರುವುದು ಮದ್ದೂರಿನಲ್ಲಿ, ಸ್ಕೂಲು ಮಳವಳ್ಳಿಯ ಹತ್ತಿರ. ದಿನವೂ ಕೆ.ಎಂ. ದೊಡ್ಡಿ ಮೇಲೆ ಬಸ್ಸಿನಲ್ಲಿ ಹೋಗಿ ಬರಬೇಕು. ಫ್ರೀ ಟಿಕೆಟ್ಟಿನ ಕಾಲ, ಬಸ್ಸಿನ ತುಂಬ ನಾವೇ ಹೆಂಗಸರು, ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಪುಷ್ಯಮಾಸದ ಒಂದು ಬೆಳಿಗ್ಗೆ, ಎಲ್ಲರೂ ಶಾಲು ಹೊದ್ದು ಮುದುಡಿ ಕೂತಿದ್ದಾಗ, ನನ್ನ ಎದೆಯಿಂದ ಒಂದು ಬೆಂಕಿ ಎದ್ದು ಕತ್ತು, ಕಿವಿ, ನೆತ್ತಿಯವರೆಗೆ ಏರಿತು. ಬೆವರು ಧಾರಾಕಾರ. ಕಿಟಕಿಯ ಗ್ಲಾಸು ಎಳೆದೆ. ಹಿಂದಿನ ಸೀಟಿನ ಅಜ್ಜಿ ಕೂಗಿದಳು, ಕಂಡಕ್ಟರ್ ಬಂದ. "ಗ್ಲಾಸ್ ಆಕಮ್ಮ, ಚಳಿಗೆ ಜನ ಸಾಯ್ತಾವ್ರೆ" ಅಂದ. ನಾನು ಆ ಬಡಪಾಯಿಗೆ ಅವನ ಇಲಾಖೆ, ಅವನ ಬಸ್ಸು, ಅವನ ಚಿಲ್ಲರೆ, ಅವನ ವಂಶ, ಒಂದನ್ನೂ ಬಿಡದೆ ದೊಡ್ಡಿ ಬರುವ ತನಕ ಬೈದೆ. ಇಳಿಯುವಾಗ ನನಗೇ ನಾಚಿಕೆಯಾಯಿತು, ಆದರೆ ಗ್ಲಾಸು ಮಾತ್ರ ಹಾಕಲಿಲ್ಲ.

ಮನೆಯಲ್ಲಿ ನಾವು ಮೂವರು. ಮಗಳೊಬ್ಬಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ, ಈ ಕಥೆಯಲ್ಲಿ ಅವಳಿಗೆ ಕೆಲಸವಿಲ್ಲ. ನಮ್ಮವರು ಕರೆಂಟು ಆಫೀಸಿನಲ್ಲಿ ಗುಮಾಸ್ತರು. ಯಾವ ಹಳ್ಳಿಯಲ್ಲಿ ಎಷ್ಟು ಹೊತ್ತಿಗೆ ಕರೆಂಟು ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲರು. ಹೆಂಡತಿಗೆ ಯಾವಾಗ ಸಿಟ್ಟು ಹೋಗುತ್ತದೆ ಎಂಬುದು ಮಾತ್ರ ಅವರ ಸೆಕ್ಷನ್ನಿಗೆ ಸೇರಿದ್ದಲ್ಲ. ಮೂರನೆಯವರು ನನ್ನ ಅತ್ತೆ. ಬೆನ್ನು ಬಾಗಿ, ನೆಲದ ಮೇಲೆ ಬಿದ್ದ ಸೂಜಿ ಹುಡುಕುವವರ ಹಾಗೆ ನಡೆಯುತ್ತಾರೆ. ಹಿಟ್ಟು ತಿರುವುತ್ತಿರುವಾಗಲೇ ಒಮ್ಮೆ ಮಣಿಕಟ್ಟು ಲಟಕ್ಕೆಂದು ಮುರಿದಿತ್ತು. ಬಾಯಿ ಮಾತ್ರ ಎಲ್ಲೂ ಬಾಗಿಲ್ಲ, ಮುರಿದಿಲ್ಲ.

ಅತ್ತೆಯ ಮನೆಯಲ್ಲಿ ಒಂದು ಕಾನೂನು ಇತ್ತು. ಮುಟ್ಟಾದವಳು ಮೂರು ದಿನ ಒಳಗೆ ಬರಕೂಡದು. ಮೆಟ್ಟಿಲ ಕೆಳಗೆ ಒಂದು ಪುಟ್ಟ ರೂಮಿದೆ, ಅಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಸ್ಟಾಫ್ ರೂಮಿನಲ್ಲಿ ಹೇಳಿದರೆ ಎಲ್ಲರೂ "ಅಯ್ಯೋ, ಸೈನ್ಸ್ ಟೀಚರ್‌ಗೂ ಇದೇ ಗತಿಯಾ" ಎಂದು ಲೊಚಗುಟ್ಟುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾನೂ ಜಗಳ ಆಡಿದವಳೇ. ಅತ್ತು, ಊಟ ಬಿಟ್ಟು, ಸೋತು ಹೋದೆ. ಸೋತ ಮೇಲೆ ಗೊತ್ತಾಯಿತು, ಇಡೀ ಮನೆಯಲ್ಲಿ ಸೊಸೆಗೆ ಮಂಜೂರಾಗಿರುವ ರಜೆ ಇದೊಂದೇ ಎಂದು. ಸ್ಕೂಲಿನಿಂದ ಬಂದರೆ ಪಾತ್ರೆ ಇಲ್ಲ, ಕಸ ಇಲ್ಲ, ಒಲೆ ಇಲ್ಲ. ಬಿಸಿ ಮುದ್ದೆ ಮೇಲಿನಿಂದ ದೊಪ್ಪನೆ ತಟ್ಟೆಗೆ ಬೀಳುತ್ತಿತ್ತು, ಹಿಂದೆಯೇ ಬಸ್ಸಾರು. ಕಾಲು ಚಾಚಿ ಉಂಡು, ವಾರಪತ್ರಿಕೆ ಓದಿ, ಹಗಲೇ ನಿದ್ದೆ ಹೊಡೆಯುತ್ತಿದ್ದೆ. ಮೈಲಿಗೆಯವಳಿಗೆ ಇಷ್ಟು ಸುಖ ಇರುತ್ತದೆ ಎಂದು ಶಾಸ್ತ್ರ ಬರೆದವರಿಗೆ ಗೊತ್ತಿದ್ದರೆ ಆವತ್ತೇ ತಿದ್ದುಪಡಿ ತಂದಿರುತ್ತಿದ್ದರು.

ಅಂಥ ರಜೆ ನಿಂತುಹೋಯಿತು. ಒಂದು ತಿಂಗಳು ತಪ್ಪಿತು, ಮತ್ತೆ ಬಂತು, ಮತ್ತೆ ತಪ್ಪಿತು, ಆಮೇಲೆ ಬರಲೇ ಇಲ್ಲ. ಅತ್ತೆಯ ಕಣ್ಣಿಗೆ ಇದು ಬೀಳದಿರುವುದುಂಟೇ? ಅವರೆಕಾಯಿ ಸುಲಿಯುತ್ತಾ ಕೇಳಿದರು: "ಯಾಕಮ್ಮಿ, ನೀನು ಒರಗಾಗಿ ಬಾಳ ದಿನ ಆಯ್ತಲ್ಲ?"

"ನಿಂತೋಗದೆ ಕಣತ್ತೆ" ಎಂದೆ.

ಹೇಳಿದ ಮೇಲೆ ಹೊಳೆಯಿತು, ನಮ್ಮ ಕಡೆ ಈ ಮಾತಿಗೆ ಎರಡು ಅರ್ಥ. ಐವತ್ತರವಳು ಹೇಳಿದರೆ ಮುಟ್ಟು ಮುಗಿಯಿತು ಎಂದು. ಅದಕ್ಕಿಂತ ಚಿಕ್ಕವಳು ಹೇಳಿದರೆ ಬಸುರಿ ಎಂದು. ನನ್ನ ವಯಸ್ಸು ಯಾವ ಕಡೆಗೂ ಪೂರ್ತಿ ಸೇರದೆ ನಡುವೆ ನೇತಾಡುತ್ತಿತ್ತು. ಅತ್ತೆ ಚಿಕ್ಕವಳ ಲೆಕ್ಕಕ್ಕೇ ಸೇರಿಸಿದರು. ಅವರೆಕಾಯಿ ಮೊರವನ್ನು ಅಲ್ಲೇ ಬಿಟ್ಟು, ಬಾಗಿದ ಬೆನ್ನಿನಲ್ಲೇ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಪಕ್ಕದ ಮನೆಗೆ ಹೋದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದಾರೆ. ಸಂಜೆ ನಾನು ಸೊಪ್ಪು ಕೊಳ್ಳಲು ಹೋದರೆ ಸೊಪ್ಪಿನವಳು ಹುಣಸೆಕಾಯಿ ಮುಂದೆ ಹಿಡಿದು ಕಣ್ಣು ಮಿಟುಕಿಸಿದಳು. ನಮ್ಮವರು ಆಫೀಸಿನಿಂದ ಬಂದವರು, ಅವ್ವನ ಬಾಯಲ್ಲಿ ಸುದ್ದಿ ಕೇಳಿ, ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು. ಲೆಕ್ಕ ತಾಳೆಯಾದ ಹಾಗೆ ಕಾಣಲಿಲ್ಲ. ನನ್ನ ಮುಖ ನೋಡಿದರು, ಮತ್ತೆ ಬೆರಳು ಮಡಿಚಿದರು.

"ಬಸುರಿ ಅಲ್ಲ ಕಣ್ರೀ, ಬತ್ತಿ ಹೋಗಿದೀನಿ" ಎಂದೆ. ಅವರಿಗೆ ಸಮಾಧಾನವಾದದ್ದು ಎದ್ದು ಕಾಣುತ್ತಿತ್ತು. ನನಗೆ ಮಾತ್ರ ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅಳು ಬಂತು.

ಸ್ಕೂಲಿನ ಒಬ್ಬ ಟೀಚರ್ ಹೇಳಿದಂತೆ ಮಂಡ್ಯದ ಹೆಂಗಸರ ಡಾಕ್ಟರ ಹತ್ತಿರ ಹೋದೆ. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರಿರಬಹುದು. ಗಟ್ಟಿ ದನಿ, ಮುಖಸ್ತುತಿ ಗೊತ್ತಿಲ್ಲದ ಬಾಯಿ. ರಕ್ತ ತೆಗೆಸಿದರು, ಕೆಲವು ವಾರ ಬಿಟ್ಟು ಮತ್ತೆ ತೆಗೆಸಿದರು, ಮೂಳೆಯ ಪರೀಕ್ಷೆ ಮಾಡಿಸಿದರು. ಎಲ್ಲ ನೋಡಿ, "ನಿಮ್ಮ ಅಂಡಾಶಯ ವಿ.ಆರ್.ಎಸ್. ತಗೊಂಡಿದೆ ಟೀಚರ್" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

"ಇದು ಬರೀ ಬೆವರಿನ ವಿಷಯ ಅಲ್ಲ. ನಿಮ್ಮ ಮೂಳೆ ಈಗಲೇ ಟೊಳ್ಳಾಗೋಕೆ ಶುರುವಾಗಿದೆ. ಐವತ್ತಕ್ಕೆ ನಿಲ್ಲಬೇಕಾದ್ದು ಈಗಲೇ ನಿಂತಿದೆ ಅಂದ್ರೆ, ಅಲ್ಲೀ ತನಕ ಮೈಗೆ ಬೇಕಾದ ಹಾರ್ಮೋನನ್ನ ಹೊರಗಿಂದ ಕೊಡಬೇಕು. ಇಲ್ಲಾಂದ್ರೆ ಬೆನ್ನು ಬಾಗುತ್ತೆ, ಬಚ್ಚಲಲ್ಲಿ ಒಂದ್ಸಲ ಜಾರಿದ್ರೆ ಸೊಂಟ ಮುರಿಯುತ್ತೆ. ಹೃದಯಕ್ಕೂ ಒಳ್ಳೇದಲ್ಲ."

"ಕ್ಯಾನ್ಸರ್ ಬರುತ್ತಂತಲ್ಲ ಮೇಡಂ?"

"ಯಾರಂದ್ರು? ವಾಟ್ಸಾಪಾ?" ಎಂದು ಕೇಳಿ, ಆಮೇಲೆ ನಿಧಾನವಾಗಿ ವಿವರಿಸಿದರು. ವಯಸ್ಸಾದ ಮೇಲೆ ತೆಗೆದುಕೊಳ್ಳುವುದು ಬೇರೆ, ನಿಮ್ಮ ವಯಸ್ಸಿನಲ್ಲಿ ಮೈಯಲ್ಲಿ ಇರಲೇಬೇಕಾದದ್ದು ಇಲ್ಲದಾಗ ತುಂಬಿಕೊಡುವುದು ಬೇರೆ ಎಂದರು. ನನ್ನ ತವರಿನಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿದರು, ಬಿ.ಪಿ. ನೋಡಿದರು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು ಎಂದರು. ಕೊನೆಗೆ, "ತಿಂಗಳಿಗೊಮ್ಮೆ ಮುಟ್ಟಿನ ಥರಾನೇ ಹೋಗುತ್ತೆ, ಹೆದರಬೇಡಿ" ಎಂದೂ ಸೇರಿಸಿದರು. ಆ ಮಾತು ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ಬೆನ್ನು ಬಾಗುತ್ತೆ ಎಂದರಲ್ಲ, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಬಾಗಿದ ಬೆನ್ನು ಹೇಗಿರುತ್ತದೆ ಎಂದು ನನಗೆ ಯಾರೂ ಚಿತ್ರ ಬರೆದು ತೋರಿಸಬೇಕಾಗಿರಲಿಲ್ಲ. ದಿನಾ ನನ್ನ ಕಣ್ಣೆದುರೇ ಓಡಾಡುತ್ತಿತ್ತು. ನಿಜ ಹೇಳುತ್ತೇನೆ, ತುಂಬ ಹೆದರಿದೆ.

ಮನೆಗೆ ಬಂದು ಹೇಳಿದೆ: "ಹಾರ್ಮೋನ್ ಕಮ್ಮಿ ಆಗ್ಬುಟ್ಟದಂತೆ ಅತ್ತೆ. ಹಾರ್ಮೋನ್ ಕೊಡ್ತಾರಂತೆ."

ಅತ್ತೆ ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು. "ಆರ್ಮೋನಿನಾ?"

ನಮ್ಮ ಸೀಮೆಯಲ್ಲಿ ಆರ್ಮೋನಿ ಅಂದರೆ ಒಂದೇ, ನಾಟಕದ ಮೇಷ್ಟ್ರ ಪೆಟ್ಟಿಗೆ. ಸುಗ್ಗಿ ಮುಗಿದ ಮೇಲೆ ಊರೂರಲ್ಲೂ ಪೌರಾಣಿಕ ನಾಟಕ, ಊರೂರಿಗೂ ಒಬ್ಬ ಆರ್ಮೋನಿ ಮೇಷ್ಟ್ರು. ತೀರಿಕೊಂಡ ನಮ್ಮ ಮಾವನವರು ರಾಜಪಾರ್ಟು ಹಾಕಿ, ದನಿಗಿಂತ ಹೆಚ್ಚಾಗಿ ಮೀಸೆಯಲ್ಲೇ ಹೆಸರು ಮಾಡಿದವರು.

"ಅಲ್ಲ ಕಣಮ್ಮಿ," ಎಂದರು ಅತ್ತೆ, "ಆರ್ಮೋನಿ ಬಾರ್ಸುದ್ರೆ ನಿಂತಿದ್ದು ಬಂದ್ಬುಡ್ತದಾ? ನಿಮ್ ಮಾವ ಬದ್ಕಿದ್ದಾಗ ಈ ಮನೇಲಿ ವರ್ಸ ಪೂರ್ತಿ ಅದೇ ಗೋಳು, ನಂಗೇನ್ ಬಂತು?"

ನಮ್ಮವರು ಕಾಫಿ ಮೂಗಿಗೆ ಹತ್ತಿಸಿಕೊಂಡು ನಕ್ಕರು. ಎಷ್ಟು ಬಿಡಿಸಿ ಹೇಳಿದರೂ ಆ ಹೆಸರು ಹೋಗಲಿಲ್ಲ. "ನಮ್ ಸೊಸೆ ಆರ್ಮೋನಿ ಮಾತ್ರೆ ತಿಂತಾವ್ಳೆ" ಎಂದು ಅತ್ತೆ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯವಳಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಬೀದಿಯವರು ಕೆಲವು ದಿನ ನಾನು ಸಂಗೀತದ ಕ್ಲಾಸಿಗೆ ಸೇರಿದ್ದೇನೆ ಎಂದುಕೊಂಡಿದ್ದರು.

ಬಸುರಿಯ ಸುದ್ದಿ ಸುಳ್ಳಾದದ್ದಕ್ಕೆ ಅತ್ತೆ ಬೇಸರಪಟ್ಟದ್ದು ಒಂದೇ ಸಂಜೆ. ಮಾರನೇ ದಿನವೇ ಅವರ ಮುಖದ ಮೇಲೆ ಬೇರೆ ಬೆಳಕು. "ನಿಂತ್ರೆ ನಿಂತೋಗ್ಲಿ ಬುಡು. ಇನ್ಮೇಲೆ ನೀನು ಮಡಿ" ಎಂದರು. ಅವರಿಗೆ ನಿಂತು ದೇವರ ಮನೆಯ ಕೆಲಸ ಮಾಡಲು ಆಗುತ್ತಿರಲಿಲ್ಲ, ತಿಂಗಳಲ್ಲಿ ಕೆಲವು ದಿನ ಕಾಣೆಯಾಗುವ ಸೊಸೆಯನ್ನು ನಂಬಲೂ ಆಗುತ್ತಿರಲಿಲ್ಲ. ಈಗ ವರ್ಷದ ಎಲ್ಲ ದಿನವೂ ಮಡಿಯಾಗಿರುವ ಸೊಸೆ ಸಿಕ್ಕಿದ್ದಳು. ದೀಪದ ಕಂಬ ತಿಕ್ಕುವುದು, ಸೋಮವಾರದ ಪೂಜೆ, ಮನೆದೇವರಿಗೆ ಮೀಸಲು ಅಡುಗೆ, ಎಲ್ಲ ನನ್ನ ಹೆಗಲಿಗೆ ಬಂತು. ಬಡ್ತಿ ಸಿಕ್ಕಿತು, ರಜೆ ಹೋಯಿತು. ಹೆಡ್‌ಮಾಸ್ಟರಾದವರ ಕಷ್ಟ ಆವತ್ತು ಅರ್ಥವಾಯಿತು.

ಮಾತ್ರೆ ತನ್ನ ಕೆಲಸ ಶುರುಮಾಡಿತು. ಎದೆಯ ಬೆಂಕಿ ಆರಿತು. ಮೊಣಕಾಲಿನ ಗಂಟುಗಳು ಬೈಯುವುದನ್ನು ನಿಲ್ಲಿಸಿದವು, ನಾನೂ ನಿಲ್ಲಿಸಿದೆ. ಪಾಠ ಮಾಡುವಾಗ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿದ್ದ ಶಬ್ದಗಳು ಮತ್ತೆ ಬಾಯಿಗೆ ಬರತೊಡಗಿದವು. ಒಂದು ದಿನ ಅದೇ ಕಂಡಕ್ಟರ್ ನನ್ನ ಸೀಟಿನ ಹತ್ತಿರ ಬಂದು, ದೂರದಲ್ಲೇ ನಿಂತು, ಟಿಕೆಟ್ ಚಾಚಿದ. ನಾನು ನಕ್ಕೆ. ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸಿದಂತೆ ಕಂಡಿತು. ನನಗೆ ನಾನೇ ವಾಪಸ್ಸು ಸಿಕ್ಕಿದ್ದೆ, ಆ ಸಂತೋಷಕ್ಕೆ ಎಣೆಯಿರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಹೇಳಿದ್ದ, ನಾನು ಕೇಳಿಸಿಕೊಳ್ಳದೇ ಹೋಗಿದ್ದ ಮಾತು ನಿಜವಾಯಿತು. ಸೋಮವಾರ, ಕೈಯಲ್ಲಿ ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದೆ. ಹೊಟ್ಟೆಯಲ್ಲಿ ಹಳೆಯ ಪರಿಚಯದ ಸೆಳೆತ. ಬಚ್ಚಲಿಗೆ ಓಡಿ ನೋಡಿದೆ. ಬಂದಿತ್ತು.

ಮುಚ್ಚಿಟ್ಟುಕೊಳ್ಳಬಹುದಿತ್ತು. ಆದರೆ ರಜೆಯ ಆಸೆ ಯಾರನ್ನು ಬಿಟ್ಟಿದೆ? ಹೊರಗೆ ಬಂದು ಹೇಳಿಬಿಟ್ಟೆ. ಅತ್ತೆ ಮೊದಲು ದೇವರನ್ನು ನೋಡಿದರು, ಆಮೇಲೆ ನನ್ನನ್ನು.

"ನಿಂತಿದ್ದು ಎಂಗಮ್ಮಿ ಬಂತು?"

"ಮಾತ್ರೆಯಿಂದ ಕಣತ್ತೆ. ಇನ್ಮೇಲೆ ತಿಂಗ್ಳಾ ತಿಂಗ್ಳಾ ಹಿಂಗೇ ಬರ್ತದೆ."

"ಎಲ್ಲೀಗಂಟ?"

"ಐವತ್ತು ಆಗೋಗಂಟ."

ಅತ್ತೆ ಗೋಡೆ ಹಿಡಿದು ಕೂತರು. ಆವತ್ತಿನಿಂದ ನಮ್ಮ ಮನೆಯಲ್ಲಿ ಹುಟ್ಟಿದ ಪ್ರಶ್ನೆ, ಬಹುಶಃ ಈ ಜಿಲ್ಲೆಯಲ್ಲಿ ಬೇರೆ ಯಾರ ಮನೆಯಲ್ಲೂ ಹುಟ್ಟಿರಲಿಕ್ಕಿಲ್ಲ: ಮಾತ್ರೆಯಿಂದ ಬಂದ ಮುಟ್ಟು ಮುಟ್ಟೋ ಅಲ್ಲವೋ? ಮುಟ್ಟಾದರೆ ನಾನು ಮೆಟ್ಟಿಲ ಕೆಳಗೆ. ಅಲ್ಲದಿದ್ದರೆ ದೇವರ ಮುಂದೆ. ನಮ್ಮವರು ಗುಡಿಯ ಅರ್ಚಕರಿಗೆ ಫೋನು ಮಾಡಿ, ಹೆಂಡತಿ ಎನ್ನದೆ, ಮುಟ್ಟು ಎನ್ನದೆ, "ಒಂದು ಪಾರ್ಟಿಗೆ ಒಂದು ಡೌಟಿದೆ ಸ್ವಾಮಿ" ಎಂದು ಸುತ್ತಿ ಬಳಸಿ ಕೇಳಿದರು. ಅರ್ಚಕರು ಬಹಳ ಹೊತ್ತು ಯೋಚಿಸಿ, ಶಾಸ್ತ್ರದಲ್ಲಿ ಮಾತ್ರೆಯ ಪ್ರಸ್ತಾಪವೇ ಇಲ್ಲ ಎಂದರಂತೆ.

ನಾನು ವಾದಕ್ಕೆ ಇಳಿದೆ. ನನ್ನ ಹತ್ತಿರ ಒಳ್ಳೆಯ ಅಸ್ತ್ರವಿತ್ತು. ಮದುವೆಯಾದ ವರ್ಷದಿಂದ ಮನೆದೇವರ ಹಬ್ಬ ಬಂತೆಂದರೆ ಅತ್ತೆ ತಾವೇ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ತರಿಸಿ, ಪ್ರಸಾದದ ಹಾಗೆ ನನ್ನ ಅಂಗೈಗೆ ಹಾಕುತ್ತಿದ್ದರು. ಡಾಕ್ಟರ ಚೀಟಿ ಇಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ನಮ್ಮ ಬೀದಿಯಲ್ಲಿ ಅದಕ್ಕೆ ಹಬ್ಬದ ಮಾತ್ರೆ ಎಂದೇ ಹೆಸರು.

"ಅದೂ ಹಾರ್ಮೋನೇ ಅತ್ತೆ. ಆ ಮಾತ್ರೆ ದೇವ್ರಿಗೆ ಆಯ್ತದೆ, ಈ ಮಾತ್ರೆ ಯಾಕೆ ಆಗಲ್ಲ?"

"ಅದು ನಿಲ್ಸದು ಕಣಮ್ಮಿ, ಇದು ತರ್ಸದು. ನಿಲ್ಸದು ಮಡಿ, ತರ್ಸದು ಮೈಲ್ಗೆ. ಇಷ್ಟೂ ತಿಳೀನಿಲ್ವಾ ನಿಂಗೆ? ಐಕ್ಳಿಗೆ ಅದೇನ್ ಪಾಠ ಏಳ್ಕೊಡ್ತೀಯೋ ಕಾಣೆ."

ಇಪ್ಪತ್ತು ವರ್ಷ ವಿಜ್ಞಾನ ಓದಿ, ಕಲಿಸಿದ ನನ್ನ ಬಾಯಿ ಮುಚ್ಚಿತು. ತರ್ಕ ಅಂದರೆ ತರ್ಕ.

ಕೊನೆಗೆ ತೀರ್ಪು ಬಂತು: ಮಾತ್ರೆ ನಿಲ್ಲಿಸು. ನಿಂತ ನೀರನ್ನು ಕಲಕಬಾರದು, ದೇವರೇ ನಿಲ್ಲಿಸಿದ್ದನ್ನು ಮನುಷ್ಯರು ತರಿಸಬಾರದು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ನಾನು ಎದುರಿಗಿದ್ದರೂ "ಅವ್ಳಿಗೆ ಏಳ್ಲಾ, ಸಾರಿಗೆ ಉಪ್ಪು ಕಮ್ಮಿ ಅಂತ" ಎಂದು ಮಗನ ಕೈಲಿ ಹೇಳಿಸುತ್ತಿದ್ದರು. ನಮ್ಮವರು ಒಂದು ಭಾನುವಾರ ನನ್ನ ಪಕ್ಕ ಕೂತು, ದನಿ ತಗ್ಗಿಸಿ, "ಒಸಿ ದಿನ ನಿಲ್ಲಿಸ್ಬುಡು. ಅವ್ವಂಗೆ ಸಮಾಧಾನ ಆಗ್ಲಿ. ಆಮೇಲೆ ನೋಡಣ" ಎಂದರು.

ಆವತ್ತು ನನಗೆ ಬಂದ ಸಿಟ್ಟು ಹಾರ್ಮೋನಿನದ್ದಲ್ಲ, ಸ್ವಂತದ್ದು. "ನಿಮ್ಮವ್ವನ ಸಮಾಧಾನಕ್ಕೆ ನನ್ನ ಬೆನ್ನುಮೂಳೆ ಕೊಡ್ಲಾ? ನಿಮ್ದೇ ಒಂದು ಮೂಳೆ ಕೊಡಿ, ನೋಡಣ" ಎಂದೆ. ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಲಿ ಎಂದೇ ದನಿ ಏರಿಸಿದೆ. "ನಿಲ್ಲಿಸು ಅನ್ನೋರು ಬಂದು ಡಾಕ್ಟ್ರಿಗೇ ಹೇಳ್ಲಿ. ಅವರ ಮುಂದೆ ನಿಂತು, ನನ್ನ ಸೊಸೆ ಸೊಂಟ ಮುರಿದ್ರೂ ಚಿಂತೆಯಿಲ್ಲ, ಮಡಿಯಾಗಿದ್ರೆ ಸಾಕು ಅನ್ಲಿ. ಅವತ್ತೇ ನಿಲ್ಲಿಸ್ತೀನಿ."

ಅತ್ತೆ ಬಾಗಿಲಿಗೆ ಬಂದರು. "ಏಳ್ತೀನಿ, ನಡಿಯಮ್ಮಿ. ಆ ನಿಮ್ ಡಾಕ್ಟ್ರೇನ್ ನನ್ ತಲೆ ತಗ್ದಾಳಾ?"

ಅತ್ತೆ ಪಂಥ ಕಟ್ಟಿದರೆ ಮುಗಿಯಿತು. ಮದುವೆ ಮನೆಗೆ ಉಡುವ ಸೀರೆ ಉಟ್ಟು, ಬಸ್ಸಿನಲ್ಲಿ ನನ್ನ ಪಕ್ಕವೇ ಕೂತು, ಮಂಡ್ಯದ ತನಕ ಒಂದು ಮಾತೂ ಆಡದೆ ಬಂದರು. ನನಗೆ ಒಳಗೊಳಗೇ ಅಳುಕು. ಡಾಕ್ಟರಮ್ಮ ಏನಾದರೂ ಜಾರಿ, ಬೇಕಾದರೆ ನಿಲ್ಲಿಸಬಹುದು ಎಂದುಬಿಟ್ಟರೆ? ನನ್ನ ಬಾಯಿಂದಲೇ ಮಾತು ಕೊಟ್ಟಾಗಿತ್ತು. ಸೊಂಟ ಉಳಿಸಿಕೊಳ್ಳಲು ಸೊಂಟವನ್ನೇ ಪಣ ಕಟ್ಟಿದ್ದೆ.

ಒಳಗೆ ಹೋದ ತಕ್ಷಣ, ಕೂರುವ ಮೊದಲೇ ಅತ್ತೆ ಕೇಸು ಮಂಡಿಸಿದರು. "ಡಾಕ್ಟ್ರವ್ವ, ನಿಂತಿದ್ದ ಮುಟ್ಟ ನೀನು ಬರ್ಸಿದ್ದೀಯ. ಮನೇಲಿ ದೇವ್ರು ದಿಂಡ್ರು ಅವ್ರೆ. ಇದು ಮುಟ್ಟಾ, ಅಲ್ವಾ? ಅದ್ನ ಏಳು."

ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿ, ನಗು ನುಂಗಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದರು. "ನಿಜವಾದ ಮುಟ್ಟಲ್ಲ ಅಮ್ಮ. ಮುಟ್ಟಾಗಬೇಕಾದ್ರೆ ಒಳಗೆ ಮೊಟ್ಟೆ ಬಲೀಬೇಕು. ಇವರಿಗೆ ಆ ಮೊಟ್ಟೆಯೇ ಬಲೀತಿಲ್ಲ. ಮಾತ್ರೆಯಿಂದ ಗರ್ಭಕೋಶದ ಒಳಪದರ ಬೆಳೆಯುತ್ತೆ, ಆಮೇಲೆ ಉದುರುತ್ತೆ, ಅಷ್ಟೇ."

"ಅಂಗಾರೆ ಮೈಲ್ಗೆ ಇಲ್ಲ?"

"ಮೈಲಿಗೆ ನಾನು ಓದಿಲ್ಲ ಅಮ್ಮ, ಸಿಲಬಸ್‌ನಲ್ಲಿ ಇರಲಿಲ್ಲ" ಎಂದರು. ಅಷ್ಟು ಹೊತ್ತೂ ಅವರ ಕಣ್ಣು ಅತ್ತೆಯ ಬೆನ್ನಿನ ಮೇಲೆ, ಸೊಟ್ಟಗೆ ಕೂಡಿಕೊಂಡ ಮಣಿಕಟ್ಟಿನ ಮೇಲೆ ಓಡಾಡುತ್ತಿತ್ತು. "ನಿಮಗೆ ಯಾವಾಗ ನಿಂತಿದ್ದು?"

"ನಂಗೆ ನಿಲ್ನಿಲ್ಲ ಕಣವ್ವ. ತೆಗ್ಸಾಕುದ್ರು. ಇವ್ಳ ಗಂಡ ಆಗ ಮೂರ್ನೇ ಕ್ಲಾಸು. ಒಸಿ ಬಿಳೀದು ಓಯ್ತಿತ್ತು. ಇದೇ ಮಂಡ್ಯದಲ್ಲೇ ತೋರ್ಸುದ್ರೆ, ಐಕ್ಳಾದ್ಮೇಲೆ ಚೀಲ ಯಾಕೆ ಇಟ್ಕಂಡಿದ್ದೀಯ, ತೆಗ್ಸಾಕು ಅಂದ್ರು."

"ಬರೀ ಗರ್ಭಕೋಶನಾ, ಅಂಡಾಶಯನೂ ತೆಗೆದ್ರಾ?"

"ಎಲ್ಲಾನೂವೆ. ಗುಡ್ಸಿ ಸಾರ್ಸಿ ಕಳ್ಸುದ್ರು."

"ಆಮೇಲೆ ಏನಾದ್ರೂ ಮಾತ್ರೆ ಕೊಟ್ಟಿದ್ರಾ?"

"ಕಬ್ಣದ್ ಮಾತ್ರೆ ಕೊಟ್ಟಿದ್ರು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮನೆಗೆ ಹೋದ್ಮೇಲೆ ಹೆಂಗಿದ್ರಿ?"

ಅತ್ತೆಯನ್ನು ಈ ಪ್ರಶ್ನೆ ಅದುವರೆಗೆ ಯಾರೂ ಕೇಳಿರಲಿಲ್ಲವೇನೋ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಹೇಳತೊಡಗಿದರು. ನಾನು ಆ ಮನೆಗೆ ಬಂದು ಇಷ್ಟು ವರ್ಷವಾದರೂ ಒಂದಕ್ಷರ ಕೇಳಿರಲಿಲ್ಲ.

"ಮೈಯೆಲ್ಲ ಉರಿಯದು ಕಣವ್ವ. ಬೆಂಕಿ ಕೆಂಡ. ಬಾವಿ ತಾವ್ಕೋಗಿ ಸೇದಿ ಸೇದಿ ತಲೆ ಮೇಲ್ ಉಯ್ಕತಿದ್ದೆ. ಮಾತಾಡ್ಸುದೋರ್ ಮೇಲೆಲ್ಲ ಎಗ್ರಾಡದು, ಕೂತ್ರೆ ಅಳದು. ಅಡ್ಗೆ ಮಾಡ್ತಾ ಮಾಡ್ತಾ ಎದ್ದು ಒರಗೆ ಓಡದು. ಊರೋರೆಲ್ಲ ಗಾಳಿ ಮೆಟ್ಕಂಡದೆ ಅಂದ್ರು. ನಮ್ಮೆಜಮಾ‌ನ್ರು ಒಳೆ ಆಚೆ ಒಂದ್ ಗುಡಿಗೆ ಕರ್ಕಂಡೋದ್ರು. ಅಲ್ಲಿ ಬೇವಿನ ಬರ್ಲು ತಕಂಡು ಒಡುದ್ರು. ಯಾರು ನೀನು, ಯಾವ್ಳು ನೀನು, ಬುಟ್ಟೋಯ್ತೀಯೋ ಇಲ್ವೋ ಅಂತ. ಎಡೆಬುಡ್ದಂಗೆ ಒಡುದ್ರು." ಇಷ್ಟು ಹೇಳಿ ಅತ್ತೆ ಸ್ವಲ್ಪ ಜಂಭದಿಂದಲೇ ಕತ್ತೆತ್ತಿದರು. "ಆದ್ರೂ ನಂಗೊಂಚೂರೂ ನೋವಾಗ್ನಿಲ್ಲ ಕಣವ್ವ. ಏಟು ಬೀಳದು ಗಾಳಿಗೆ, ಮನ್ಸರ್ಗಲ್ಲ. ಗುಡಿಯೋರೇ ಏಳುದ್ರು."

ಅದೇ ಉರಿ, ಅದೇ ಸಿಟ್ಟು. ನಾನು ಬಸ್ಸಿನ ಗ್ಲಾಸು ತೆಗೆದು ಕಂಡಕ್ಟರನ್ನು ಬೈದು ಬದುಕಿಕೊಂಡಿದ್ದೆ.

"ಅಮ್ಮ," ಎಂದರು ಡಾಕ್ಟರು, ಅವರ ಗಟ್ಟಿ ದನಿ ಎಲ್ಲೋ ಹೋಗಿತ್ತು. "ಅದು ಗಾಳಿ ಅಲ್ಲ. ನಿಮ್ಮ ಸೊಸೆಗೆ ಆಗ್ತಿತ್ತಲ್ಲ, ಅದೇ ನಿಮಗೂ ಆಗಿದ್ದು. ಇವರಿಗೆ ತಾನಾಗಿ ನಿಂತಿತು, ನಿಮಗೆ ಒಂದೇ ದಿನದಲ್ಲಿ ಕಿತ್ತು ತೆಗೆದ್ರು. ಆವತ್ತೇ ಈ ಮಾತ್ರೆ ಕೊಟ್ಟಿದ್ರೆ ಉರಿ ಇರ್ತಿರಲಿಲ್ಲ, ಬೆನ್ನೂ ಇಷ್ಟು ಬಾಗ್ತಿರಲಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ನನ್ನ ಕೈಚೀಲದ ಕಡೆ ನೋಡಿದರು. ಮತ್ತೆ ಡಾಕ್ಟರ ಕಡೆ ತಿರುಗಿ, ಮಗುವಿನ ಹಾಗೆ ಕೈ ಚಾಚಿದರು. "ಅಂಗಾರೆ ಈಗ್ಲಾದ್ರೂ ಕೊಡವ್ವ ನಂಗೆ. ಆರ್ಮೋನಿ ಮಾತ್ರೆಯ."

"ಈಗ ಕೊಡಕ್ಕಾಗಲ್ಲ ಅಮ್ಮ. ತಡ ಆಯ್ತು. ಈ ವಯಸ್ಸಲ್ಲಿ ಶುರು ಮಾಡಿದ್ರೆ ಒಳ್ಳೇದಕ್ಕಿಂತ ಅಪಾಯವೇ ಜಾಸ್ತಿ. ಮೂಳೆಗೆ ಬೇರೆ ಔಷಧಿ ಇದೆ, ಅದನ್ನ ಬರ್ಕೊಡ್ತೀನಿ."

ಅತ್ತೆ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಮಾತ್ರೆ ನಿಲ್ಲಿಸುವ ವಿಷಯವನ್ನು ಅವರು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಅತ್ತೆಗೆ ಮೂಳೆಯ ಔಷಧಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆವು. ಬಿಸಿಲಿತ್ತು. ಅತ್ತೆ ಎಂದೂ ಇಲ್ಲದೆ ನನ್ನ ತೋಳು ಹಿಡಿದುಕೊಂಡರು.

ಬಸ್ಸು ಹೊರಟ ಮೇಲೆ ಮಾತು ಬಂತು. "ನೀನು ಮಾತ್ರೆ ನಿಲ್ಸ್‌ಬ್ಯಾಡ ಕಣಮ್ಮಿ. ದೇವ್ರ ತಾವ ನಾ ಮಾತಾಡ್ಕತೀನಿ. ಆ ರೂಮಲ್ಲೂ ಇನ್ನು ಕೂತ್ಕಬ್ಯಾಡ. ಮುಟ್ಟಲ್ಲದ್ಕೆ ಯಾಕೆ ಒರಗಾಗದು?"

ಗೆದ್ದಿದ್ದೆ. ಮೂಳೆ ಉಳಿಯಿತು, ರಜೆ ಮಾತ್ರ ಶಾಶ್ವತವಾಗಿ ರದ್ದಾಯಿತು. ಬೇರೆ ದಿನವಾಗಿದ್ದರೆ ಅದಕ್ಕೊಂದು ಚಟಾಕಿ ಹಾರಿಸುತ್ತಿದ್ದೆ. ಅತ್ತೆ ಕಿಟಕಿಯಾಚೆ ಹಿಂದಕ್ಕೆ ಓಡುತ್ತಿದ್ದ ಗದ್ದೆಗಳನ್ನು ನೋಡುತ್ತಾ ಕೂತಿದ್ದರು. ಗೆಜ್ಜಲಗೆರೆ ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ ಕೇಳಿದರು:

"ಅಮ್ಮಿ, ಗಾಳಿ ಇರ್ನೇ ಇಲ್ಲ ಅಂದ್ಮೇಲೆ, ಅವತ್ತು ಏಟು ಬಿದ್ದದ್ದು ಯಾರ್ಗೆ?"

ಏನಾದರೂ ಸುಳ್ಳು ಹೇಳಬಹುದಿತ್ತು. ಒಂದೂ ಹೊಳೆಯಲಿಲ್ಲ.

"ನಿಮ್ಗೇ ಕಣತ್ತೆ" ಎಂದೆ.

ಅತ್ತೆ ತಲೆಯಾಡಿಸಿದರು. ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದರು.

"ನೋಯ್ತು ಕಣಮ್ಮಿ" ಎಂದರು. "ಬಾಳ ನೋಯ್ತು."